ಜಾತಕ ಕೂಡದ ಪೆಟ್ಟಿಗೆ

ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಎಸೆಯುವುದಿಲ್ಲ, ಹಿಂಬಡ್ತಿ ಕೊಡುತ್ತೇವೆ. ಅವ್ವನ ನೂಲಿನ ಇಳಕಲ್ ಸೀರೆ ಕೌದಿಯಾಗುತ್ತದೆ. ಕೌದಿ ಜೂಲಾದಾಗ ಕಾಲೊರಸು, ಅದೂ ಹರಿದರೆ ಸ್ಕೂಟರ್ ಒರೆಸುವ ಅರಿವೆ. ಒಡೆದ ಬಕೆಟ್ಟಿನಲ್ಲಿ ಪುದೀನ ಬೆಳೆದಿದೆ. ಈ ಪದ್ಧತಿಗೆ ಇದುವರೆಗೆ ಬಗ್ಗದೆ ಉಳಿದದ್ದು ನನ್ನ ಮೇಜಿನಡಿಯ ಗೇಮಿಂಗ್ ಪಿ.ಸಿ. ಒಂದೇ.

ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ, 2016ರ ದೀಪಾವಳಿಯ ಹೊತ್ತಿಗೆ, ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸಿದ್ದು. ಐನೂರರ ನೋಟುಗಳನ್ನು ಎರಡೆರಡು ಸಲ ಎಣಿಸಿ ಕೊಟ್ಟಿದ್ದೆ. ನವೆಂಬರ್ 8ಕ್ಕೆ ಆ ನೋಟುಗಳ ಕಥೆ ಮುಗಿಯಿತು. ಪೆಟ್ಟಿಗೆಯದು ಇನ್ನೂ ನಡೆದಿದೆ. ನಾಲ್ಕು ಕೋರ್‌ಗಳ ಐ5-6500, 8 ಜಿಬಿ ರ್‍ಯಾಮ್, ಆ ಜುಲೈಯಲ್ಲಷ್ಟೇ ಮಾರುಕಟ್ಟೆಗೆ ಬಂದಿದ್ದ ಜಿಟಿಎಕ್ಸ್ 1060 ಕಾರ್ಡು. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ‘ವಿಚರ್ 3’ರ ಕುದುರೆ ಹತ್ತಿದರೆ, ಇಳಿಯುತ್ತಿದ್ದುದು ಹಾಲಿನವನ ಗಂಟೆ ಕೇಳಿದಾಗ.

ಈಗ ಅದನ್ನು ಸುಧಾರಿಸಬೇಕೋ, ಹೊಸದನ್ನೇ ತರಬೇಕೋ ಎಂಬ ಪ್ರಶ್ನೆ ಎದ್ದದ್ದು ಎರಡು ಕಡೆಯಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ, ಇಂಟೆಲ್ ಆದರೆ, ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ನನ್ನದು ಆರನೆಯದು. ಮನುಷ್ಯರಲ್ಲಿ ಎರಡು ತಲೆಮಾರೆಂದರೆ ಅರ್ಧ ಶತಮಾನ, ಇಲ್ಲಿ ಎರಡೇ ವರ್ಷ! ಇನ್ನೊಂದು ಕಡೆಯಿಂದ ಬಂದವನು ಅಕ್ಕನ ಮಗ. ಸೂಟಿಗೆ ಬಂದವನೇ 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಆಟ ಹಾಕಲು ಕೂತ. ಬೆಳಕಿನ ಕಿರಣ ಎಲ್ಲಿ ಬಿದ್ದು ಎಲ್ಲಿಗೆ ಪುಟಿಯಿತೆಂದು ಲೆಕ್ಕ ಹಾಕುವ ವಿದ್ಯೆ ಕಾರ್ಡಿನೊಳಗೇ ಇರದಿದ್ದರೆ ಅದು ಏಳುವುದೇ ಇಲ್ಲ. “ಮಾಮಾ, ನಿನ್ನ ಕಾರ್ಡಿಗೆ ರೇ ಟ್ರೇಸಿಂಗೇ ಇಲ್ಲಲಾ!” ಎಂದ, ಮನೆಗೆ ಬಚ್ಚಲೇ ಇಲ್ಲ ಎನ್ನುವ ಧಾಟಿಯಲ್ಲಿ.

ಒಂದು ಕಾರ್ಡು ತಾನೇ, ತಂದರಾಯಿತು ಎಂದುಕೊಂಡೆ. ಲಂಗೋಟಿ ಕಡಿಯುವ ಇಲಿಗಾಗಿ ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಆಕಳು ಕಟ್ಟಿ, ಆಕಳ ಚಾಕರಿಗೆ ಹೆಂಡತಿಯನ್ನು ತಂದ ಸನ್ಯಾಸಿಯೂ ಹೀಗೇ ಅಂದುಕೊಂಡಿದ್ದನಲ್ಲ. ಹೊಸ ಕಾರ್ಡಿನ ಹಸಿವಿಗೆ ಒಂಬತ್ತು ವರ್ಷದ 450 ವ್ಯಾಟ್ ಎಸ್‌ಎಂಪಿಎಸ್ಸನ್ನು ನಂಬಲು ಧೈರ್ಯ ಸಾಲದು. ಕಾರ್ಡು ಕೇಳುವ ವೇಗದಲ್ಲಿ ಬಡಿಸಲು ನಾಲ್ಕು ಕೋರ್‌ಗಳ ಕೈಲಾಗದು, ಹಾಗಾಗಿ ಪ್ರೊಸೆಸರ್. ಇಲ್ಲಿ ಜಾತಕ ಕೂಡಲಿಲ್ಲ. ನನ್ನ ಬೋರ್ಡಿನ ಸಾಕೆಟ್ಟು 1151, ಎಂಟನೆಯ ತಲೆಮಾರಿನದೂ 1151, ಪಿನ್ನಿನ ಲೆಕ್ಕ ಒಂದೇ. ಆದರೆ ಯಾವ ಪಿನ್ನಿಗೆ ಕರೆಂಟು ಎಂಬ ಹಂಚಿಕೆ ಬೇರೆ, ಬೋರ್ಡು ಒಪ್ಪುವುದಿಲ್ಲ. ಸಗೋತ್ರವೆಂದು ಸಂಬಂಧ ಮುರಿದ ಹಾಗಾಯಿತು. ಎಎಂ4 ಸಾಕೆಟ್ಟಿನವರನ್ನು ಕಂಡರೆ ಆಗ ನಿಜಕ್ಕೂ ಹೊಟ್ಟೆ ಉರಿಯಿತು. 2017ರ ಬೋರ್ಡುಗಳಲ್ಲಿ ಎಷ್ಟೋ, ಬಯಾಸ್ ಅಪ್‌ಡೇಟ್ ಮಾಡಿಸಿಕೊಂಡು 2022ರ ರೈಸನ್ನನ್ನೂ ಮಡಿಲಿಗೆ ಹಾಕಿಕೊಂಡಿವೆ. ಕೂಡು ಕುಟುಂಬ ಅಂದರೆ ಅದು.

ಬೆಂಗಳೂರಿಗೆ ಹೋಗುವ ಕೆಲಸವಿತ್ತು. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಸಂಕಟ ತೋಡಿಕೊಂಡೆ. “ಬೋರ್ಡ್ ಸಮೇತ ಚೇಂಜ್ ಮಾಡ್ಬಿಡಿ ಸಾರ್” ಎಂದವನು ಚೀಟಿಯಲ್ಲಿ ಒಂದೊಂದೇ ಬರೆಯತೊಡಗಿದ. ರ್‍ಯಾಮ್ ಹತ್ತಿರ ಪೆನ್ನು ನಿಂತಿತು. “ಇದು ಇವತ್ತಿನ ರೇಟು. ನಾಳೆ ಬಂದ್ರೆ ನನ್ನ ಕೇಳ್ಬೇಡಿ.” ಚಿನ್ನದಂಗಡಿಯ ಮಾತು! ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ನಮ್ಮಂಥವರ ರ್‍ಯಾಮಿಗೆ 2025ರ ಕೊನೆಗೆ ಬೆಂಕಿ ಬೆಲೆ. ನನ್ನ ಹಳೆಯದಕ್ಕೆ ಏನು ಕೊಡುತ್ತೀರಿ ಎಂದೆ. ಆತ ಒಳ್ಳೆಯ ಮನುಷ್ಯ, ನಗಲಿಲ್ಲ. “ನೀವೇ ಇಟ್ಕೊಳ್ಳಿ ಸಾರ್” ಎಂದ.

ಧಾರವಾಡಕ್ಕೆ ಮರಳಿ, ಎಸ್‌ಎಸ್‌ಡಿ ಒಂದನ್ನು ಹಾಕಿ, ಲಿನಕ್ಸ್ ಕೂಡಿಸಿ ಇನ್ನೆರಡು ವರ್ಷ ತಳ್ಳೋಣವೆಂದು ಲೆಕ್ಕ ಹಾಕಿದೆ. ಮೊದಲು ಧೂಳಾದರೂ ಹೋಗಲಿ ಎಂದು ಪಕ್ಕದ ತಗಡು ಬಿಚ್ಚಿದೆ. ಫ್ಯಾನಿನ ರೆಕ್ಕೆಗಳಿಗೆ ಬೂದು ಬಣ್ಣದ ಅರಳೆ ಅಂಟಿತ್ತು. ಬಣ್ಣ ಬಳಿಯುವ ಬ್ರಷ್ಷಿನಿಂದ ಅದನ್ನು ಕೆರೆಯುತ್ತ ಕೆಳಗಿಳಿದರೆ, ಹಾರ್ಡ್ ಡಿಸ್ಕಿನ ಹಿಂದಿನ ಮೂಲೆಯಲ್ಲಿ ಎರಡು ಬಿಳಿ ಗುಂಡುಗಳು. ಕಡಲೆಕಾಳಿಗಿಂತ ಕೊಂಚ ದೊಡ್ಡವು, ಒಂದಕ್ಕೊಂದು ಅಂಟಿಕೊಂಡಿದ್ದವು. ಹಲ್ಲಿಯ ಮೊಟ್ಟೆ.

ಅವ್ವ ಚಾಳೀಸು ಹಾಕಿಕೊಂಡು ಬಂದು ಬಗ್ಗಿ ನೋಡಿದಳು. “ಮರಿ ಹೊರಗ ಬರೋತನಕಾ ಅದನ್ನ ಮುಟ್ಟಬ್ಯಾಡ.”

“ಚಾಲೂ ಮಾಡಬಹುದೇನ?”

ಒಂದು ಗಳಿಗೆ ಯೋಚಿಸಿದಳು. “ಬೆಚ್ಚಗ ಇರತಾವ, ಮಾಡು.”

ತಗಡನ್ನು ಸದ್ದಿಲ್ಲದೆ ಹಾಗೇ ಆನಿಸಿಟ್ಟೆ. ಅಂಗಡಿಯ ಚೀಟಿ ಪೆಟ್ಟಿಗೆಯ ನೆತ್ತಿಯ ಮೇಲಿದೆ, ರ್‍ಯಾಮಿನ ರೇಟು ಇಷ್ಟರಲ್ಲಿ ಸುಳ್ಳಾಗಿರಬೇಕು. ರಾತ್ರಿ ಹನ್ನೊಂದಕ್ಕೆ ಮತ್ತೆ ಕುದುರೆ ಹತ್ತುತ್ತಿದ್ದೇನೆ. ಆಟ ಜೋರಾದಷ್ಟೂ ಕಾರ್ಡು ಬಿಸಿಯಾಗುತ್ತದೆ. ಹೆಂಡತಿ ಎದ್ದು ಬಂದು ಕೇಳಿದರೆ, ಕಾವು ಕೊಡುತ್ತಿದ್ದೇನೆ ಎನ್ನುತ್ತೇನೆ.