ನೇತ್ರಾಣಿಯಲ್ಲಿ ಮುಳುಗೋ ಮುಂಚೆ...

ನಮ್ಮ ಕೆಂಪಾಪುರದವರಿಗೆ ನೀರು ಅಂದ್ರೆ ಒಂದೋ ಹೆಬ್ಬಾಳ ಕೆರೆ, ಇಲ್ಲಾ ಟ್ಯಾಂಕರ್ರು :) ಅಂಥ ನಾನು ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬಂದೆ ಅಂದಾಗಿನಿಂದ "ಹೇಗಿರುತ್ತೆ?" ಅಂತ ಕೇಳೋರೇ ಎಲ್ಲ. ಅದಕ್ಕೇ ಇದು.

ಈಜು ಬರಲೇಬೇಕಂತಿಲ್ಲ. ಮಳೆಗಾಲದಲ್ಲಿ ಹೋಗೋ ಹಾಗಿಲ್ಲ. ಮುರುಡೇಶ್ವರದಿಂದ ದ್ವೀಪಕ್ಕೆ ಸುಮಾರು 19 ಕಿ.ಮೀ.; ದೋಣಿಯ ಓಲಾಟಕ್ಕೆ ಕೆಲವರಿಗೆ ಹೊಟ್ಟೆ ತೊಳೆಸುತ್ತೆ. ನೀರೊಳಗೆ ಕಲಿಸೋರು ಜೊತೆಗೇ ಇರ್ತಾರೆ. ಮಾತಿಲ್ಲ, ಕೈಸನ್ನೆ ಅಷ್ಟೇ. ಹೆಬ್ಬೆರಳು ಎತ್ತಿದ್ರೆ "ಸೂಪರ್" ಅಂತಲ್ಲ, "ಮೇಲೆ ಹೋಗೋಣ" ಅಂತ! ಕಿವಿ ನೋಯೋ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು. ಉಸಿರು ಮಾತ್ರ ಎಂದೂ ಬಿಗಿಹಿಡೀಬಾರದು. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರ್ತಾ ಹಿಗ್ಗಿ ಶ್ವಾಸಕೋಶವನ್ನೇ ಹರೀಬಹುದು. ಇಷ್ಟು ರೂಢಿಯಾದ್ರೆ... ಹವಳ, ಬಣ್ಣದ ಮೀನು, ನಿಮ್ಮದೇ ಉಸಿರಿನ ಸದ್ದು. ಅಷ್ಟೇ ಪ್ರಪಂಚ.

ಇನ್ನೊಂದು ಮಾತು, ಬೆಂಗಳೂರಿನವರಿಗೇ ಅಂತ. ನಾವಿರೋದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ. ಮುಳುಗಿದಾಗ ಮೈಯಲ್ಲಿ ಕರಗಿದ ಸಾರಜನಕ ನಿಧಾನಕ್ಕೆ ಹೊರಹೋಗಬೇಕು. ಅದಕ್ಕೂ ಮುಂಚೆ ಎತ್ತರಕ್ಕೆ ಬಂದ್ರೆ ಗುಳ್ಳೆಯಾಗಿ ತೊಂದರೆ ಕೊಡಬಹುದು. ಒಂದು ಡೈವ್ ಆದ್ಮೇಲೆ ಕನಿಷ್ಠ 12 ಗಂಟೆ ವಿಮಾನ ಬೇಡ ಅಂತಾರೆ; ಘಟ್ಟ ಹತ್ತೋಕೂ ಅದೇ ಲೆಕ್ಕ ಇಟ್ಕೊಳ್ಳಿ. ಭಾನುವಾರ ಮುಳುಗಿ ಸಂಜೆ ಬಸ್ಸಿಗೆ ಓಡೋ ಬದಲು, ಶನಿವಾರವೇ ಮುಳುಗಿ ರಾತ್ರಿ ಅಲ್ಲೇ ಉಳೀರಿ. ಆಫೀಸು ಎಲ್ಲೂ ಓಡಿಹೋಗಲ್ಲ :)