ಮನೆಯ ಉತಾರದಲ್ಲಿ ಯಾರ ಹೆಸರು?

ವಿಜಯಪುರ ಜಿಲ್ಲೆಯ ಇಟ್ಟಂಗಿಹಾಳದಲ್ಲಿರುವ ನಮ್ಮ ಮನೆಯನ್ನು ತೀರ್ಥರೂಪರು ತಮ್ಮ ದುಡಿಮೆಯಿಂದಲೇ ಕಟ್ಟಿಸಿದರು. ಅವರು ಲಿಂಗೈಕ್ಯರಾದ ಮೇಲೆ ನಾವು ಮೂವರು ಸಹೋದರರು ಕೂಡಿ, ಪಂಚಾಯತಿಯ ಉತಾರದಲ್ಲಿ ಹಿರಿಯಣ್ಣನವರ ಹೆಸರೊಂದನ್ನೇ ಬರೆಸಿದೆವು. ಕರ ತುಂಬುವವರು ಅವರೇ ಆದುದರಿಂದ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕೆಲವು ವರ್ಷಗಳ ತರುವಾಯ ಮನೆಯ ಮೇಲೆ ಸಾಲ ಪಡೆಯಹೊರಟಾಗ ವಕೀಲರು ಕೇಳಿದ ಪ್ರಶ್ನೆ ನಮ್ಮನ್ನು ತಬ್ಬಿಬ್ಬುಗೊಳಿಸಿತು: 'ನಿಮ್ಮ ತಾಯಿಯವರ, ತಂಗಿಯವರ ಸಹಿ ಎಲ್ಲಿ?'

ಅಂದು ತಿಳಿದ ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತೇವೆ.

ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಹುಟ್ಟದು. ಅದು ಬರುವುದು ಖರೀದಿ ಪತ್ರ, ಬಕ್ಷೀಸ್ ಪತ್ರ, ವಾಟ್ನಿ, ಮೃತ್ಯುಪತ್ರ ಇಲ್ಲವೆ ವಾರಸಾ ಹಕ್ಕಿನಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತರಿಗೂ ಅನ್ವಯಿಸುತ್ತದೆ. ಮೃತ್ಯುಪತ್ರವಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಮನೆಗೆ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಆತನ ತಾಯಿ, ಇವರೆಲ್ಲರೂ ಸಮಪಾಲುದಾರರು.

ಪಿತ್ರಾರ್ಜಿತ ಅವಿಭಕ್ತ ಮನೆಯ ರೀತಿ ಬೇರೆ; ಅಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಆ ಹಕ್ಕನ್ನು ಕರ್ನಾಟಕವು 1994ರಲ್ಲಿ, ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೂ ನೀಡಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ಮದುವೆಯಾದವರಿಗೂ ವಿಸ್ತರಿಸಿತು. ಕುಟುಂಬ ವಾಸವಿರುವ ಮನೆಯಲ್ಲಿ ಗಂಡುಮಕ್ಕಳು ಪಾಲಾಗುವ ತನಕ ಹೆಣ್ಣುಮಕ್ಕಳು ವಾಟ್ನಿ ಕೇಳಬಾರದೆಂಬ ಹಳೆಯ ಕಲಮೂ ಆಗಲೇ ರದ್ದಾಯಿತು.

ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿ ಮನೆ ಕೊಂಡರೆ, ಒಬ್ಬರ ತರುವಾಯ ಅದು ಪೂರ್ತಿಯಾಗಿ ಇನ್ನೊಬ್ಬರದಾಗುವುದೆಂದು ಅನೇಕರು ನಂಬಿದ್ದಾರೆ. ಪತ್ರದಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದಿರದಿದ್ದರೆ, ಸಾಮಾನ್ಯವಾಗಿ ಅಗಲಿದವರ ಪಾಲು ಅವರ ವಾರಸುದಾರರಿಗೆ ಸೇರುತ್ತದೆ. ಬದುಕಿರುವಾಗಲೇ ಮನೆಯನ್ನು ಬಕ್ಷೀಸಾಗಿ ಕೊಡುವುದಾದರೆ ಪತ್ರದ ನೋಂದಣಿ ಕಡ್ಡಾಯ. ಮೃತ್ಯುಪತ್ರಕ್ಕೆ ನೋಂದಣಿ ಕಡ್ಡಾಯವಲ್ಲ; ಆದರೆ ಇಬ್ಬರು ಸಾಕ್ಷಿದಾರರ ಸಹಿ ಬೇಕೇಬೇಕು.

ಹಕ್ಕು ಬಿಟ್ಟುಕೊಡುವ ಕಾಗದವನ್ನು ಸಿದ್ಧಪಡಿಸಿ ತಂಗಿಯನ್ನು ಕರೆಸಿದೆವು. 'ತವರಿಗೆ ಬರೂ ದಾರಿ ಒಂದಿದ್ದರ ಸಾಕಣ್ಣಾ, ಎಲ್ಲಿ ಸಹಿ ಮಾಡ್ಲಿ?' ಎಂದಳು. ಅವ್ವ ತಡೆದರು: 'ಮದಲ ಓದವ್ವಾ. ಈ ಗ್ವಾಡಿ ಕಟ್ಟೂ ಮುಂದ ನೀನೂ ನೀರ ಹೊತ್ತೀದಿ.'

ನಾವು ತಲೆತಗ್ಗಿಸಿದೆವು. ಕಾಗದವನ್ನು ಬದಿಗಿಟ್ಟು, ಅವ್ವ, ತಂಗಿ ಸೇರಿ ಐವರ ಹೆಸರನ್ನೂ ಉತಾರದಲ್ಲಿ ಬರೆಸಿದೆವು. ಸಾಲ ತುಸು ತಡವಾಗಿ ದೊರೆಯಿತು. ತಂಗಿ ಎಂದಿನಂತೆ ಪಂಚಮಿಗೆ ಬಂದಳು; ನಾವೇ ಆಕೆಯ ಮುಖವನ್ನು ಸಂಕೋಚವಿಲ್ಲದೆ ನೋಡುವಂತಾದೆವು.

ಹಿರಿಯರು ಇರುವಾಗಲೇ ಮನೆಯ ಕಾಗದಪತ್ರಗಳನ್ನು ಒಮ್ಮೆ ಎಲ್ಲರೂ ಕೂಡಿ ಕುಳಿತು ಓದಿರಿ. ಅಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂಬುದನ್ನು ಮೊದಲು ನೋಡಿರಿ.