ಸೌಂಡ್ ಜಾಸ್ತಿ, ಪಿಕಪ್ ಕಮ್ಮಿ

ದಸರಾ ರಜೆಗೆ ತುಮಕೂರಿಗೆ ಹೋದಾಗ ಅಪ್ಪನ ಹಳೇ ಸ್ಪ್ಲೆಂಡರ್‌ನ ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿ ಅಟ್ಟಕ್ಕೆ ಎಸೆದೆ. ಕಾರ್ಬ್ಯುರೇಟರ್ ಬಾಯಿಗೆ ನೇರವಾಗಿ 350 ರೂಪಾಯಿಯ ಕೋನ್ ಫಿಲ್ಟರ್ ಹಾಕಿದೆ. ಅಪ್ಪನಿಗೆ ಹೇಳಲಿಲ್ಲ. ಥರ್ಮೋ ಕ್ಲಾಸ್ ಶುರುವಾಗಿ ಎರಡು ತಿಂಗಳಾಗಿತ್ತು ನೋಡಿ, ಧೈರ್ಯ ಜಾಸ್ತಿ!

ಜಾಸ್ತಿ ಗಾಳಿ, ಜಾಸ್ತಿ ಪವರ್ ಅನ್ನೋದು ನನ್ನ ಲಾಜಿಕ್. ಕಿಕ್ ಹೊಡೆದೆ. ಆ ಬಾಕ್ಸ್ ಇಷ್ಟು ವರ್ಷ ಅದುಮಿಟ್ಟಿದ್ದ ಗಾಳಿ ಎಳೆಯೋ ಸದ್ದು ಹೊರಗೆ ಬಂತು. ಬೈಕ್ ಹಾರ್ತಿದೆ ಅನ್ನಿಸ್ತು. ಬಿಚ್ಚುವ ಮೊದಲು ತಮ್ಮನನ್ನ ಹಿಂದೆ ಕೂರಿಸಿಕೊಂಡು ಟೈಮ್ ನೋಡಿದ್ದೆ (ನಾನು ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ). ಟಾಪ್ ಗೇರ್‌ನಲ್ಲಿ 30ರಿಂದ 60ಕ್ಕೆ ಆಗ 11 ಸೆಕೆಂಡ್. ಈಗ 13. ಮೂರು ಸಲ ನೋಡಿದ್ರೂ ಅಷ್ಟೇ. ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ ಬೇರೆ.

ರಾತ್ರಿ ಲೆಕ್ಕ ಹಾಕಿದೆ. ಇಂಜಿನ್ 97.2 ಸಿಸಿ, ಎರಡು ಸುತ್ತಿಗೆ ಒಂದು ಸಲ ಉಸಿರು. 6000 ಆರ್‌ಪಿಎಂನಲ್ಲಿ ಹೆಚ್ಚೆಂದರೆ ನಿಮಿಷಕ್ಕೆ 290 ಲೀಟರ್ ಗಾಳಿ. ಅಷ್ಟಕ್ಕೆ ಹಳೇ ಫಿಲ್ಟರೇ ಸಾಕು. ಆದರೆ ಕಾರ್ಬ್ಯುರೇಟರ್‌ನ ಜೆಟ್ ಸೈಜ್ ಇಟ್ಟಿರೋದು ಆ ಬಾಕ್ಸ್‌ನ ಅಡ್ಡಿಯನ್ನೂ ಸೇರಿಸಿ. ಅಡ್ಡಿ ತೆಗೆದರೆ ಪೆಟ್ರೋಲ್ ಮೇಲೆಳೆಯೋ ವ್ಯಾಕ್ಯೂಮ್ ಕಡಿಮೆಯಾಗುತ್ತೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಗ್ರಾಂ ಗಾಳಿ ಬೇಕು. ಫುಲ್ ಪವರ್ ಬೇಕಾದಾಗ ಗಾಳಿ ಇನ್ನೂ ಕಮ್ಮಿ, ಸುಮಾರು 13 ಗ್ರಾಂ. ನಾನು ಉಲ್ಟಾ ದಿಕ್ಕಿಗೆ ಹೋಗಿದ್ದೆ. ಸಾಲದ್ದಕ್ಕೆ ಬಯಲಾದ ಫಿಲ್ಟರ್ ಇಂಜಿನ್ ಪಕ್ಕದ ಬಿಸಿ ಗಾಳಿ ಕುಡೀತಿತ್ತು. ಹತ್ತು ಡಿಗ್ರಿ ಬಿಸಿಯಾದರೆ ಗಾಳಿಯ ಸಾಂದ್ರತೆ ಶೇ. 3ರಷ್ಟು ಇಳಿಯುತ್ತೆ. ಜೆಟ್ ಬದಲಾಯಿಸಿ ಟ್ಯೂನ್ ಮಾಡಬಹುದಿತ್ತು, ನಿಜ. ಆದರೆ ಎಷ್ಟು ನಂಬರ್ ಅಂತ ಊಹೆ ಮಾಡೋದು ಅಪ್ಪನ ಗಾಡಿ ಮೇಲಾ?

ನಾಳೆ ಹೇಳಿದರಾಯ್ತು ಅಂತ ಎರಡು ದಿನ ತಳ್ಳಿದೆ. ಅಪ್ಪ ದಿನಾ ಬೆಳಿಗ್ಗೆ ಐದಕ್ಕೆ ಅದರಲ್ಲೇ ವಸಂತನರಸಾಪುರಕ್ಕೆ ಶಿಫ್ಟ್‌ಗೆ ಹೋಗ್ತಾರೆ. ಮೂರನೇ ರಾತ್ರಿ ಊಟ ಮಾಡ್ತಾ ಅಮ್ಮನಿಗೆ ಹೇಳ್ತಿದ್ರು, "ಗಾಡಿ ಎಳೀತಾನೇ ಇಲ್ಲ ಕಣೇ, ವಯಸ್ಸಾಯ್ತು ಅದಕ್ಕೂ. ಬೋರ್ ಮಾಡಿಸಬೇಕೇನೋ. ಈ ತಿಂಗಳು ಇವನ ಹಾಸ್ಟೆಲ್ ಫೀಸು ಕಟ್ಟಿ ನೋಡೋಣ."

ಅನ್ನ ಗಂಟಲಲ್ಲಿ ಇಳೀಲಿಲ್ಲ. ಎಲ್ಲಾ ಹೇಳಿಬಿಟ್ಟೆ.

ಬೈತಾರೆ ಅಂದುಕೊಂಡೆ. ಎದ್ದು ಕೈ ತೊಳೆದು ಟಾರ್ಚ್ ತಂದರು. ನಾನು ಅಟ್ಟದಿಂದ ಬಾಕ್ಸ್ ಇಳಿಸಿ ಫಿಟ್ ಮಾಡುವಷ್ಟೂ ಹೊತ್ತು ಟಾರ್ಚ್ ಹಿಡಿದು ನಿಂತಿದ್ದರು. ಪ್ಲಗ್ ಬಿಚ್ಚಿದಾಗ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಕಾರ್ಬ್ಯುರೇಟರ್ ಬಾಯಲ್ಲಿ ಮೂರೇ ದಿನಕ್ಕೆ ಸಣ್ಣ ಕೆಂಪು ಧೂಳು. ಅದನ್ನ ಅವರೇ ಹಳೇ ಬನಿಯನ್‌ನಲ್ಲಿ ಒರೆಸಿದರು.

"ಮುಂದಿನ ಸಲ ನಿನ್ನ ಗಾಡಿಗೆ ಮಾಡ್ಕೋ" ಅಂದ್ರು ಕೊನೆಗೆ.

ನನ್ನ ಹತ್ತಿರ ಗಾಡಿ ಇಲ್ಲ ಅಂತ ಅವರಿಗೂ ಗೊತ್ತು.